ಮಾಪ್ ಹಿಂಡಿ ತೋರಿಸಿದ ಆ ಮನುಷ್ಯ

ನಮ್ಮ ಮೇಲಿನ ಹಾಲ್‌ಗೆ ತೇಗದ ಹಲಗೆಯ ನೆಲ ಹಾಕಿಕೊಟ್ಟವನು ಎಲ್ಲರ ಎದುರು ನಮ್ಮ ಮನೆಯ ಮಾಪ್ ತರಿಸಿ ಹಿಂಡಿ ತೋರಿಸಿದ. ಅದೂ ಶ್ರಾವಣ ಶುಕ್ರವಾರ, ಅರಿಶಿನ ಕುಂಕುಮಕ್ಕೆ ಬಂದ ಆರು ಜನ ಹೆಂಗಸರು ಕೂತಿರುವಾಗ. ಮಧ್ಯಾಹ್ನದಿಂದ ಕೈ ನಡುಗುತ್ತಿದೆ ನನಗೆ. ಈಗ ರಾತ್ರಿ ಹನ್ನೊಂದೂವರೆ. ಇವರು ಆಗಲೇ ಮಲಗಿಬಿಟ್ಟರು. ‘ಹೋಗ್ಲಿ ಬಿಡು, ನೆಲ ತಾನೇ’ ಅಂದರು. ನೆಲ ತಾನೇ ಅಂತೆ!

ಹೊಸ ನೆಲದ ಹಲಗೆ ಏಳುತ್ತಿದೆ, ಬಂದು ನೋಡಿ ಅಂದರೆ, ಬರುತ್ತೇನೆ ಬರುತ್ತೇನೆ ಅಂತ ಎರಡು ತಿಂಗಳು ಸತಾಯಿಸಿದ. ಯಾವಾಗ ಫೋನ್ ಮಾಡಿದರೂ ‘ಮಳೆ ಬಿಡಲಿ ಮೇಡಂ’. ತೀರ್ಥಹಳ್ಳಿ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಅಷ್ಟು ಬೇಗ ಬಿಡುತ್ತದಾ? ಇವತ್ತು ಹೇಳದೆ ಕೇಳದೆ ಬಂದು ನಿಂತ. ನೆನೆದುಕೊಂಡು ಬಂದಿದ್ದಾನಲ್ಲ ಪಾಪ ಅಂತ ಮೊದಲು ಕಾಫಿ ಕೊಟ್ಟೆ. ಕುಡಿದ. ಲೋಟ ಕೆಳಗಿಟ್ಟು ಸೀದಾ ಮೇಲಿನ ಹಾಲ್‌ಗೆ ಬಂದ.

ಹೆಂಗಸರೆಲ್ಲ ಅಲ್ಲೇ ಚಾಪೆಯ ಮೇಲೆ ಕೂತಿದ್ದರು. ಚಾಪೆ ಹಾಸಿದ್ದೇ ಎದ್ದು ನಿಂತ ಹಲಗೆ ಕಾಣದಿರಲಿ ಅಂತ. ಇವನು ಒಂದು ಮೂಲೆ ಮಡಚಿ, ಚೀಲದಿಂದ ಮರದ ಪಸೆ ಅಳೆಯುವ ಎರಡು ಮುಳ್ಳಿನ ಒಂದು ಯಂತ್ರ ತೆಗೆದು ಹಲಗೆಗೆ ಚುಚ್ಚಿದ. ನೂರಕ್ಕೆ 17 ಅಂತ ಬಂತು. ‘ನೀರು ಕುಡಿದಿದೆ ಮೇಡಂ. ಹೊಸ ನೆಲಕ್ಕೆ 10ರ ಆಸುಪಾಸು ಇರಬೇಕು.’ ಆಮೇಲೆ ಸುತ್ತ ನೋಡಿ ಕೇಳಿದ, ‘ಮನೆ ಒರೆಸೋದು ಯಾರು?’

ನಮ್ಮ ಮನೆ ಕೆಲಸಕ್ಕೆ ಬರುವವಳು ತಾಂಬೂಲದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ‘ಮಾಪ್ ತಗೊಂಡು ಬಾ’ ಅಂದ. ಅವಳು ನನ್ನ ಮುಖ ನೋಡಿದಳು. ನಾನು ಹೂಂ ಅಂತ ತಲೆ ಆಡಿಸಿದೆ. ಯಾಕೆ ಆಡಿಸಿದೆನೋ! ಅವಳು ತಟ್ಟೆ ಕೆಳಗಿಟ್ಟು ಹೋಗಿ ಮಾಪು, ಬಕೆಟ್ಟು ಎರಡೂ ತಂದಳು. ಅವನು ತೋಳು ಮಡಚಿಕೊಂಡು, ಎರಡೂ ಕೈಯಲ್ಲಿ ಹಿಡಿದು ತಿರುಪಿದ. ಬೂದು ಬಣ್ಣದ ನೀರು ಬಕೆಟ್ಟಿಗೆ ಸುರಿಯಿತು. ಆ ಸದ್ದು ಇನ್ನೂ ಕಿವಿಯಲ್ಲಿದೆ. ಜೊತೆಗೆ ಬಂದ ಹುಡುಗ ಮೊಬೈಲ್ ಹಿಡಿದು ವಿಡಿಯೋ ಮಾಡಿದ. ಅದರಲ್ಲಿ ನಾನೂ ಇದ್ದೇನೆ, ಅವಳೂ ಇದ್ದಾಳೆ, ಕುಂಕುಮದ ಬಟ್ಟಲೂ ಇದೆ.

‘ಎಷ್ಟು ಸಲ ಒರೆಸ್ತೀಯಮ್ಮ?’
‘ದಿನಾ’ ಅಂದಳು ಅವಳು.
‘ದಿನಾ!’ ಅಂತ ಹೆಂಗಸರ ಕಡೆ ತಿರುಗಿದ. ‘ನೋಡಿ, ದಿನಾ ಇಷ್ಟು ನೀರು. ತೇಗ ಏನು ಮಾಡುತ್ತೆ ಪಾಪ?’

ಯಾರೋ ನಕ್ಕರು. ನನ್ನ ಚಿಕ್ಕತ್ತೆ ಎಲ್ಲರಿಗೂ ಕೇಳುವ ಹಾಗೆ, ‘ಮರಕ್ಕೆ ನೀರು ಆಗೂದಿಲ್ಲ ಅಂತ ಗೊತ್ತಿರ್ಲಿಲ್ವನೇ ನಿಂಗೆ?’ ಅಂದರು. ಕೆನ್ನೆಗೆ ಹೊಡೆದ ಹಾಗಾಯಿತು.

ಅದು ಕೆಳಗಿನ ಟೈಲ್ಸ್ ಒರೆಸುವ ಮಾಪ್! ಅವಳು ದಿನಾ ಅಂದದ್ದು ಕೆಳಗಿನ ಮನೆಗೆ. ಮೇಲಿನ ಹಾಲ್‌ಗೆ ಆ ಮಾಪ್ ಹತ್ತದೆ ಎರಡು ತಿಂಗಳಾಯಿತು. ಇಷ್ಟು ಚಿಕ್ಕ ಮಾತು ನನ್ನ ಬಾಯಿಂದ ಬರಲಿಲ್ಲ. ಗಂಟಲು ಕಟ್ಟಿತ್ತು. ಅವನು ಇಳಿದು, ಗಾಡಿ ಹತ್ತಿ, ಗೇಟು ದಾಟಿ ಹೋದ ಮೇಲೆ ಎಲ್ಲ ಮಾತೂ ಒಟ್ಟಿಗೆ ಬಂತು.

ಸುಳ್ಳು ಹೇಳುವುದಿಲ್ಲ. ಮೊದಲ ಹದಿನೈದು ದಿನ ಒದ್ದೆ ಮಾಪ್ ಹಾಕಿದ್ದು ನಿಜ. ಫಿನಾಯಿಲ್ ಕೂಡ ಹಾಕಿದ್ದೆವು. ಮರದ ನೆಲವನ್ನು ಗುಡಿಸಿ, ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಿ, ಕೂಡಲೇ ಒಣಗಿಸಬೇಕು ಅಂತ ಯಾರು ಹೇಳಿದರು ನಮಗೆ? ಒಂದು ಚೀಟಿ ಇತ್ತಂತೆ, ರಟ್ಟಿನ ಪೆಟ್ಟಿಗೆಯ ಒಳಗೆ. ಆ ರಟ್ಟನ್ನೆಲ್ಲ ಅವರ ಹುಡುಗರೇ ಒಯ್ದು ನಮ್ಮ ಬಚ್ಚಲ ಒಲೆಯ ಪಕ್ಕ ಒಟ್ಟಿದ್ದರು. ಚೀಟಿ ಸಮೇತ ನೀರು ಕಾಯಿಸಿದ್ದಾಯಿತು.

ಆದರೆ ಹದಿನೈದು ದಿನದ ಮಾಪ್‌ಗೆ ಇಡೀ ಹಾಲ್ ಏಳುತ್ತದಾ? ಸಂಜೆ ಮೊಬೈಲ್ ಟಾರ್ಚ್ ಹಿಡಿದು ಬೀರುವಿನ ಅಡಿಗೆ ನೋಡಿದೆ. ನೆಲ ಹಾಕಿದ ಮರುದಿನ ಇಟ್ಟ ಬೀರು ಅದು. ಇವತ್ತಿನವರೆಗೆ ಅಲುಗಿಸಿಲ್ಲ. ಅದರ ಅಡಿಗೆ ಮಾಪ್ ಹೋಗುವುದಿಲ್ಲ, ಪೊರಕೆಯೂ ಹೋಗುವುದಿಲ್ಲ. ಅಲ್ಲೂ ಪ್ರತಿ ಹಲಗೆಯ ಅಂಚು ಎದ್ದಿದೆ, ನಡು ತಗ್ಗಿದೆ. ಬೆರಳು ಆಡಿಸಿದರೆ ಹೆಂಚಿನ ಮೇಲೆ ಆಡಿಸಿದ ಹಾಗೆ. ಅಂಚು ಎದ್ದು ನಡು ತಗ್ಗಿದರೆ ಹಲಗೆಯ ಅಡಿಭಾಗ ಮೇಲ್ಭಾಗಕ್ಕಿಂತ ಜಾಸ್ತಿ ಒದ್ದೆ ಇದೆ ಅಂತ ಅರ್ಥ. ನೀರು ಅಡಿಯಿಂದ ಬಂದಿದೆ ಸ್ವಾಮಿ, ಮೇಲಿಂದ ಅಲ್ಲ!

ಅಡಿಯಲ್ಲಿ ಏನಿದೆ? ಎರಡು ಇಂಚಿನ ಸಿಮೆಂಟ್ ಬೆಡ್. ಅದು ಹಾಕಿ ಬರೀ ಮೂರು ವಾರ ಆಗಿತ್ತು, ಈ ನೆಲದವರು ಬಂದು ಹಲಗೆಯ ಅಡಿಗೆ ಹಾಕುವ ಪ್ಲೈವುಡ್ ಬಡಿದರು. ಸಿಮೆಂಟ್ ಒಣಗಲು ಇಂಚಿಗೆ ಒಂದು ತಿಂಗಳು ಅನ್ನುವುದು ಈ ಕೆಲಸದ ಮಾಮೂಲಿ ಲೆಕ್ಕ. ನಡುವೆ ಒಂದು ಪ್ಲಾಸ್ಟಿಕ್ ಶೀಟ್ ಹಾಸಲಿಲ್ಲ. ಒಣಗಿದೆಯಾ ಅಂತ ನೋಡಲು ಯಂತ್ರವೇ ಬೇಕಾಗಿಲ್ಲ. ಒಂದು ತುಂಡು ಪ್ಲಾಸ್ಟಿಕ್ ಹಾಸಿ ನಾಲ್ಕೂ ಬದಿ ಟೇಪ್ ಅಂಟಿಸಿ ಒಂದು ದಿನ ಬಿಟ್ಟರೆ, ಪಸೆ ಇದ್ದರೆ ಅಡಿಯಲ್ಲಿ ಬೆವರು ಕಟ್ಟುತ್ತದೆ. ಎರಡು ರೂಪಾಯಿಯ ಕೆಲಸ.

ಹಲಗೆ ಬಂದದ್ದು ಸೋಮವಾರ, ಬಡಿದದ್ದು ಮಂಗಳವಾರ. ಪೆಟ್ಟಿಗೆ ಬಿಚ್ಚಿ ಕೆಲವು ದಿನ ಅದೇ ಕೋಣೆಯಲ್ಲಿ ಇಟ್ಟು, ಈ ಗಾಳಿಗೆ ಹೊಂದಿಕೊಳ್ಳಲು ಬಿಡಬೇಕಿತ್ತು. ಇನ್ನು ಗೋಡೆಯ ಬುಡಕ್ಕೆ ಬಡಿಯುವ ಸ್ಕರ್ಟಿಂಗ್ ಪಟ್ಟಿ. ಅದನ್ನು ಒಂದು ಕಡೆ ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದೆ. ಅಲ್ಲಿ 10-12 ಮಿಲಿಮೀಟರ್ ಸಂದಿ ಇರಬೇಕು. ಒಂದು ಕಾಗದ ತೂರಿಸಲು ಜಾಗ ಇಲ್ಲ. ಹಲಗೆ ಗೋಡೆಗೆ ಒತ್ತಿಕೊಂಡು ನಿಂತಿದೆ. ಮರ ಉದ್ದಕ್ಕೆ ಬೆಳೆಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಅಗಲಕ್ಕೆ ಉಬ್ಬುತ್ತದೆ. 14 ಅಡಿ ಅಗಲಕ್ಕೆ ಐದಿಂಚಿನ ಹಲಗೆ 33. ಒಂದೊಂದು ಅರ್ಧ ಮಿಲಿಮೀಟರ್ ಉಬ್ಬಿದರೂ 16 ಮಿಲಿಮೀಟರ್ ಆಯಿತು. ಅದು ಎಲ್ಲಿಗೆ ಹೋಗಬೇಕು? ಮೇಲಕ್ಕೇ ಅಲ್ವಾ?

ಆ 17ರ ಕತೆಯೂ ಅಷ್ಟೆ. ಆಗಸ್ಟ್‌ನಲ್ಲಿ ನಮ್ಮ ಕಡೆ ಉಪ್ಪಿನ ಭರಣಿಯ ಮುಚ್ಚಳ ತೆಗೆದಿಟ್ಟರೆ ಉಪ್ಪು ನೀರಾಗುತ್ತದೆ. ಈ ಗಾಳಿಯಲ್ಲಿ ಮರ ತಾನಾಗಿಯೇ ಅಷ್ಟು ಪಸೆ ಎಳೆಯುತ್ತದೆ. ಬಾಗಿಲಿನ ಚೌಕಟ್ಟಿಗೆ ಚುಚ್ಚಿದ್ದರೂ ಹೆಚ್ಚು ಕಡಿಮೆ ಅದೇ ಬರುತ್ತಿತ್ತು. ಚೌಕಟ್ಟಿಗೆ ಯಾರು ಮಾಪ್ ಹಾಕಿದರು?

ಚಿಕ್ಕತ್ತೆಯ ಮಾತು ಮಾತ್ರ ಮರೆಯಲಾಗುತ್ತಿಲ್ಲ. ಮರ ಗೊತ್ತಿಲ್ಲವಾ ನನಗೆ? ನನ್ನ ತವರಿನ ಉಪ್ಪರಿಗೆ ಪೂರ್ತಿ ಹಲಗೆಯದು. ಅಜ್ಜ ಕಟ್ಟಿಸಿದ್ದು. ತೊಲೆಯ ಮೇಲೆ ಹಲಗೆ, ಅಡಿಯಲ್ಲಿ ಗಾಳಿ, ಅಡುಗೆಮನೆಯ ಹೊಗೆ. ಬೇಸಿಗೆಯಲ್ಲಿ ಹಲಗೆ ನಡುವೆ ಸಂದಿ ಬಿಡುತ್ತಿತ್ತು. ನಾವು ಮಕ್ಕಳು ಮೇಲೆ ಆಡುವಾಗ ನಾಣ್ಯ ಬಿದ್ದರೆ ಕೆಳಗೆ ಜಗಲಿಯಲ್ಲಿ ಠಣ್ ಅನ್ನುತ್ತಿತ್ತು. ಮಳೆಗಾಲ ಹಿಡಿದರೆ ಅದೇ ಸಂದಿ ಮುಚ್ಚಿಕೊಳ್ಳುತ್ತಿತ್ತು. ಮರ ಉಸಿರಾಡ್ತದೆ, ಜಾಗ ಕೊಡಬೇಕು ಅಂತ ಅಪ್ಪಯ್ಯ ಹೇಳುತ್ತಿದ್ದರು. ಆ ನೆಲದ ಆಸೆಗೇ ನಾನು ತೇಗದ ನೆಲ ಬೇಕು ಅಂತ ಹಟ ಹಿಡಿದದ್ದು. ಗ್ರಾನೈಟ್ ಹಾಕಿಸೋಣ ಅಂತ ಇವರು ಹೇಳಿದ್ದರು. ಊರಿನ ಆಚಾರರ ಹತ್ತಿರ ಮಾಡಿಸೋಣ ಅಂತ ಅತ್ತೆ ಹೇಳಿದ್ದರು. ನಾನೇ ಕೇಳಲಿಲ್ಲ. ಪಾಲಿಶ್ ಮಾಡಿಯೇ ಬರುತ್ತದೆ, ಒಂದು ಹಲಗೆಗೂ ಇನ್ನೊಂದಕ್ಕೂ ಗೆರೆ ಕಾಣುವುದಿಲ್ಲ ಅಂತ ಆ ನೆಲದವನು ಅಂದದ್ದಕ್ಕೆ ಮರುಳಾದೆ.

ಹೋಗಲಿ ಬಿಡು ಅನ್ನಿಸುತ್ತದೆ ಒಂದೊಂದು ಸಲ. ಜಮಖಾನೆ ಹಾಸಿಕೊಂಡು ಇದ್ದುಬಿಡೋಣ. ಜಗಳ ಮಾಡಿ ಏನು ಬಂತು? ಆದರೆ 280 ಚದರಡಿ, ಚದರಡಿಗೆ 620 ರೂಪಾಯಿ. 1,73,600. ಕೂಲಿ ಬೇರೆ. ಒಂದು ವರ್ಷದ ಅಡಿಕೆ ದುಡ್ಡಿನಲ್ಲಿ ಎತ್ತಿಟ್ಟದ್ದು. ಹೇಗೆ ಬಿಡಲಿ?

ಹೋಗುವಾಗ ಅವನು ಹೇಳಿದ ಮಾತು ಕೇಳಿ. ಮುಂದಿನ ವಾರ ಯಂತ್ರ ತಂದು ಉಜ್ಜಿ, ಮತ್ತೆ ಪಾಲಿಶ್ ಹಾಕಿ ಕೊಡುತ್ತಾನಂತೆ. ಚದರಡಿಗೆ 90 ರೂಪಾಯಿ ನಾವು ಕೊಡಬೇಕಂತೆ. ಒದ್ದೆ ಮರದ ಎದ್ದ ಅಂಚನ್ನು ಈಗ ಉಜ್ಜಿ ಮಟ್ಟ ಮಾಡಿದರೆ, ಬೇಸಿಗೆಯಲ್ಲಿ ಒಣಗಿ ಹಲಗೆ ಇಳಿದಾಗ ಅಂಚು ತಗ್ಗಾಗಿ ನಡು ಗೂನಾಗುತ್ತದೆ. ಆಗ ಮಾಡುವುದು ಏನು? ಮತ್ತೆ 90ಆ? 18 ಮಿಲಿಮೀಟರ್ ಹಲಗೆಯನ್ನು ಎಷ್ಟು ಸಲ ಉಜ್ಜುತ್ತೀರಿ?

ಮಲೆನಾಡಿನಲ್ಲಿ ಮರದ ನೆಲ ಹಾಕಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಉತ್ತರ ಕೊಡಿ. ಈಗ ಸುಮ್ನೆ ಬಿಟ್ಟು ಫೆಬ್ರವರಿವರೆಗೆ ಕಾಯಲಾ? ಅಂಚಿನ ಒಂದು ಸಾಲು ಹಲಗೆ ಎಬ್ಬಿಸಿ ಸಂದಿ ಮಾಡಿಸಿದರೆ ತಾನಾಗಿ ಕೂರುತ್ತದಾ? ಪೂರ್ತಿ ಕಿತ್ತು ಪ್ಲಾಸ್ಟಿಕ್ ಹಾಸಿ ಮತ್ತೆ ಹಾಕಿದವರು ಇದ್ದೀರಾ? ಕಿತ್ತಾಗ ಎಷ್ಟು ಹಲಗೆ ಸೀಳಿತು? ‘ಅಯ್ಯೋ ಪಾಪ’ ಬೇಡ. ಉತ್ತರ ಬೇಕು.

ಸಂಜೆ ಕೆಲಸದವಳು ಹೊರಡುವಾಗ ಕೊಡೆ ಬಿಚ್ಚಿ ಗೇಟಿನ ಹತ್ತಿರ ನಿಂತೇ ಇದ್ದಳು. ಏನೇ ಅಂದೆ. ‘ಅಮ್ಮಾ, ನೆಲದ ದುಡ್ಡು ನನ್ನ ಸಂಬಳದಲ್ಲಿ ಹಿಡೀತೀರಾ?’ ಅಂತ ಕೇಳಿದಳು. ಇಲ್ಲ ಮಾರಾಯ್ತಿ, ನಿನ್ನದೇನೂ ತಪ್ಪಿಲ್ಲ ಅಂದೆ. ತಲೆ ಆಡಿಸಿ ಹೋದಳು. ನಂಬಿದ ಹಾಗೆ ಕಾಣಲಿಲ್ಲ. ಆ ಮಾತನ್ನು ನಾನು ಅವನ ಎದುರು ಹೇಳಬೇಕಿತ್ತು.

ನಾಳೆ ಎಂಟು ಗಂಟೆಗೆ ಅವಳು ಬರುತ್ತಾಳೆ. ಅವಳು ಬಂದ ಮೇಲೇ ಅವನಿಗೆ ಫೋನ್ ಮಾಡುತ್ತೇನೆ, ಸ್ಪೀಕರ್ ಹಾಕಿ. ಬೀರುವಿನ ಅಡಿಯ ಫೋಟೋ ಆಗಲೇ ಕಳಿಸಿದ್ದೇನೆ.