59ರ ಲೆಕ್ಕ ಯಾರೂ ಕೇಳೋದಿಲ್ಲ

2001ರ ಮಾರ್ಚ್. ಕಲಬುರಗಿ ಆಗಿನ್ನೂ ಗುಲ್ಬರ್ಗಾ. ಗಂಜ್‌ನಲ್ಲಿ ನಮ್ಮ ಕಾಕಾನ ಅಡತಿ ಅಂಗಡಿಯಲ್ಲಿ ನಾನು ಕೂರುತ್ತಿದ್ದೆ. ತೊಗರಿ ಸೀಸನ್ ಮುಗಿಯುತ್ತಾ ಬಂದಿತ್ತು. ಚೀಲ ಎಣಿಸೋದು, ತೂಕದ ಚೀಟಿ ಬರೆಯೋದು, ಉಳಿದ ಹೊತ್ತು ರೇಡಿಯೊ. ಆ ಮಂಗಳವಾರ ಬೆಳಿಗ್ಗೆ ರೇಡಿಯೊ ಹಚ್ಚಿದಾಗ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನ ಟೆಸ್ಟ್ ಮ್ಯಾಚಿನಲ್ಲಿ ನಮ್ಮವರು 8 ವಿಕೆಟ್‌ಗೆ 128. ಎದುರಿಗೆ ಆಸ್ಟ್ರೇಲಿಯಾದ 445. ಸತತ 16 ಟೆಸ್ಟ್ ಗೆದ್ದು ಬಂದಿದ್ದ ತಂಡ ಅದು. ಹದಿನಾರನೆಯದು ಎರಡು ವಾರದ ಹಿಂದೆ ಮುಂಬೈನಲ್ಲಿ, ನಮ್ಮ ಮೇಲೇ, ಅದೂ ಮೂರೇ ದಿನದಲ್ಲಿ.

"ಏ ತಮ್ಮಾ, ಹೆಣದ ಮುಂದ ಎಷ್ಟ್ ಹೊತ್ತು ಕೂಡ್ತಿ? ಆಫ್ ಮಾಡದನ್ನ," ಅಂದರು ಕಾಕಾ.

ಆಫ್ ಮಾಡಲಿಲ್ಲ. ಸುಮ್ನೆ ದನಿ ಇಳಿಸಿದೆ. ಹಾಗಾಗಿಯೇ ಆ 59 ರನ್ ನನ್ನ ಕಿವಿಗೆ ಬಿತ್ತು.

ಎಲ್ಲರಿಗೂ ಗೊತ್ತಿರೋದು ವಿವಿಎಸ್ ಲಕ್ಷ್ಮಣ್ ಹೊಡೆದ 281. ಅದೇ ಮ್ಯಾಚಿನ ಮೊದಲ ಇನಿಂಗ್ಸ್‌ನಲ್ಲಿ ಅವನು ಆರನೇ ನಂಬರಿನಲ್ಲಿ ಬಂದು 59 ಹೊಡೆದಿದ್ದ. ಕೊನೆಗೆ ಔಟಾದವನೂ ಅವನೇ. ಒಟ್ಟು 171. ಇನ್ನೊಂದು ತುದಿಯಲ್ಲಿ ಬ್ಯಾಟಿಂಗ್ ಅಷ್ಟಾಗಿ ಬಾರದ ಬಾಲದ ಹುಡುಗರು, ಗೆಲ್ಲುವ ಮಾತು ಇಲ್ಲ, ಫಾಲೋಆನ್, ಅಂದರೆ ತಕ್ಷಣವೇ ಮತ್ತೆ ಬ್ಯಾಟಿಂಗ್‌ಗೆ ಇಳಿಯೋದು, ತಪ್ಪುವ ಮಾತೂ ಇಲ್ಲ. ಅಂಥಾ ಹೊತ್ತಲ್ಲಿ ಒಬ್ಬ ಮನುಷ್ಯ ವಾರ್ನ್, ಮೆಕ್‌ಗ್ರಾ ಅಂಥ ಬೌಲರ್‌ಗಳಿಗೆ ಬೌಂಡರಿ ಹೊಡೀತಾ ನಿಂತಿದ್ದಾನೆ. ಯಾರಿಗಾಗಿ? ಯಾವ ಲೆಕ್ಕಕ್ಕೆ? ನನಗೆ ಇವತ್ತಿಗೂ ಇದೇ ದೊಡ್ಡ ಪ್ರಶ್ನೆ.

ಆ 59 ನೋಡಿಯೇ ಕೋಚ್ ಜಾನ್ ರೈಟ್ ಅವನಿಗೆ ಪ್ಯಾಡ್ ಬಿಚ್ಚಬೇಡ, ಮೂರನೇ ನಂಬರಿಗೆ ಹೋಗು ಅಂದದ್ದು. 274 ರನ್ ಹಿಂದೆ ಬಿದ್ದ ತಂಡ, ಬೆನ್ನು ನೋವಿಗೆ ಫಿಸಿಯೊ ಕೈಯಲ್ಲಿ ತಿಕ್ಕಿಸಿಕೊಂಡು ಆಡುತ್ತಿದ್ದ ಆಟಗಾರ. ಆ ದಿನ ಸಂಜೆ ಅವನದು 109. ಮರುದಿನ ಬುಧವಾರ ಅವನೂ ರಾಹುಲ್ ದ್ರಾವಿಡ್‌ನೂ ಬೆಳಗಿಂದ ಸಂಜೆವರೆಗೆ ಆಡಿದರು. ಒಂದೂ ವಿಕೆಟ್ ಬೀಳಲಿಲ್ಲ, 335 ರನ್ ಬಂತು. ವಾರ್ನ್ ಲೆಗ್ ಸ್ಟಂಪಿನ ಆಚೆ ಬೌಲರ್‌ಗಳ ಕಾಲು ತುಳಿದು ಒರಟಾದ ಜಾಗಕ್ಕೆ ಚೆಂಡು ಹಾಕುತ್ತಿದ್ದ. ಲಕ್ಷ್ಮಣ್ ಮುಂದೆ ಬಂದು ಒಮ್ಮೆ ಮಿಡ್‌ವಿಕೆಟ್‌ಗೆ ಹೊಡೆದರೆ, ಅದೇ ಜಾಗದ ಇನ್ನೊಂದು ಚೆಂಡನ್ನು ಅದರ ವಿರುದ್ಧ ಬದಿಗೆ, ಕವರ್ ಕಡೆ ಕಳಿಸುತ್ತಿದ್ದ. ಅದನ್ನು ರೇಡಿಯೊದಲ್ಲಿ ಕೇಳಿ ಏನು ತಿಳಿಯಬೇಕು ಹೇಳಿ. ರಾತ್ರಿ ಟೀವಿ ವಾರ್ತೆಯಲ್ಲಿ ನೋಡಿದ ಮೇಲೂ ತಿಳಿಯಲಿಲ್ಲ.

ಮಧ್ಯಾಹ್ನ ಅಂಗಡಿಯಲ್ಲಿ ಕೆಲಸವೇ ನಿಂತಿತು. ಹಮಾಲರೆಲ್ಲ ಚೀಲದ ಮೇಲೆ ಕೂತರು. ಅವರಲ್ಲಿ ಒಬ್ಬರು ಚಾಚಾ, ಪ್ರತಿ ಬೌಂಡರಿಗೂ "ಅಪ್ನಾ ಪೋಟ್ಟಾ ಹೈ!" ಅನ್ನುತ್ತಿದ್ದರು, ನಮ್ಮ ಹುಡುಗ ಅಂತ. ಲಕ್ಷ್ಮಣ್ ಹೈದರಾಬಾದಿನವನು. ನನಗೆ ಸಿಟ್ಟು ಬಂತು. "ಚಾಚಾ, ನಮ್ಮವನು ಬೆಂಗಳೂರಿನ ದ್ರಾವಿಡ್" ಅಂದೆ. ಅವರು ನಕ್ಕು, "ಬೆಂಗಳೂರ್ ಎಷ್ಟ್ ದೂರ ಅದ, ಹೈದರಾಬಾದ್ ಎಷ್ಟ್ ದೂರ ಅದ, ನೀನೇ ಎಣಿಸು ಬೇಟಾ" ಅಂದರು. ಉತ್ತರ ಹೊಳೆಯಲಿಲ್ಲ. ನಮ್ಮ ಭಾಗದ ಪಾಡು ಇದೇ ಅಲ್ವಾ? ಸರಕಾರಿ ಕಾಗದ ಬೆಂಗಳೂರಿಗೆ, ಕಾಯಿಲೆ ಆದರೆ ಹೈದರಾಬಾದಿಗೆ. ಆ ಹಿಂದಿನ ವರ್ಷವೇ ಇದೇ ಲಕ್ಷ್ಮಣ್ ಬೆಂಗಳೂರಿನಲ್ಲಿ ರಣಜಿ ಮ್ಯಾಚ್‌ನಲ್ಲಿ ಕರ್ನಾಟಕದ ಮೇಲೆ 353 ಬಾರಿಸಿ ಹೋಗಿದ್ದ. ಅವನನ್ನು ಇಷ್ಟಪಡೋಕೆ ನನಗೆ ಸ್ವಲ್ಪ ಕಷ್ಟ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ದ್ರಾವಿಡ್ ವಿಷಯ ಬಂದಿದ್ದಕ್ಕೆ ಒಂದು ಮಾತು. ಲಕ್ಷ್ಮಣ್ ಹತ್ತಿದ ಮೂರನೇ ನಂಬರು ದ್ರಾವಿಡ್‌ನ ಜಾಗ. ಅವನನ್ನು ಆರಕ್ಕೆ ಇಳಿಸಿದ್ದರು. ಇಳಿದವನು ಹತ್ತಿದವನ ಜೊತೆಗೇ ನಿಂತು 376 ರನ್ ಕೂಡಿಸಿದ. ಅವನದು 180, ಕೊನೆಗೆ ರನ್‌ಔಟ್. ಸೆಂಚುರಿ ಆದಾಗ ಪತ್ರಕರ್ತರು ಕೂತಿದ್ದ ಕಡೆ ಬ್ಯಾಟ್ ಬೀಸಿ ತೋರಿಸಿದ. ಅಷ್ಟು ಮೆತ್ತಗಿನ ಮನುಷ್ಯನಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಕಡಿಮೆ.

ಐದನೇ ದಿನದ್ದು ಜಾಸ್ತಿ ಹೇಳಬೇಕಿಲ್ಲ. 3 ವಿಕೆಟ್‌ಗೆ 166 ಇದ್ದ ಆಸ್ಟ್ರೇಲಿಯಾ ನೋಡನೋಡುತ್ತಲೇ 8ಕ್ಕೆ 174. ಹರ್ಭಜನ್‌ಗೆ ಆರು, ತೆಂಡೂಲ್ಕರ್‌ಗೆ ಮೂರು. ಭಾರತ 171 ರನ್‌ನಿಂದ ಗೆದ್ದಿತು. ಮೊದಲ ಇನಿಂಗ್ಸ್‌ನಲ್ಲಿ ನಾವು ಹೊಡೆದದ್ದೂ 171. ಗಂಜ್‌ನಲ್ಲಿ ಕೂತವನಿಗೆ ಇಂಥ ಅಂಕಿ ಬೇಗ ಕಣ್ಣಿಗೆ ಬೀಳುತ್ತೆ.

ಈಗ ಪುಸ್ತಕದ ಮಾತು. ಕೆಲವು ತಿಂಗಳ ಹಿಂದೆ ಅವ್ವನ ಕಣ್ಣು ತೋರಿಸೋಕೆ ಹೈದರಾಬಾದಿಗೆ ಹೋಗಿದ್ದೆ. ಭಾನುವಾರ ಅಬಿಡ್ಸ್‌ನ ಫುಟ್‌ಪಾತ್ ಮೇಲೆ ಹಳೇ ಪುಸ್ತಕಗಳ ನಡುವೆ ಲಕ್ಷ್ಮಣ್ ಆತ್ಮಕಥೆ ಸಿಕ್ಕಿತು. ‘281 ಆ್ಯಂಡ್ ಬಿಯಾಂಡ್’, ಪತ್ರಕರ್ತ ಆರ್. ಕೌಶಿಕ್ ಜೊತೆ ಸೇರಿ ಬರೆದದ್ದು, 2018ರಲ್ಲಿ ಬಂದದ್ದು. ವಾಪಸ್ ಬರುವಾಗ ರೈಲಿನಲ್ಲಿ ಹಿಡಿದೆ. ತಾಂಡೂರ್ ದಾಟುವವರೆಗೆ ಬರೀ ಈಡನ್ ಪುಟಗಳನ್ನೇ ಹುಡುಕಿ ಓದಿದೆ. ಆಮೇಲೆ ಮೊದಲಿಂದ ಶುರು ಮಾಡಿದೆ.

ನನಗೆ ಅನ್ನಿಸಿದ್ದು, ಆ ಹೆಸರು ಪುಸ್ತಕಕ್ಕೆ ಅನ್ಯಾಯ ಮಾಡಿದೆ. 281ರ ಕಥೆ ನಮಗೆ ಗೊತ್ತಿರೋದೇ. ಪುಸ್ತಕ ಹಿಡಿದು ಕೂರಿಸೋದು ಬೇರೆ ಕಡೆ. ತಂದೆ ತಾಯಿ ಇಬ್ಬರೂ ವಿಜಯವಾಡದಲ್ಲಿ ಡಾಕ್ಟರು, ಮಗನೂ ಡಾಕ್ಟರಾಗಬಹುದಿತ್ತು. ತಂಡಕ್ಕೆ ಬಂದ ಮೇಲೆ ಬೇಡ ಬೇಡ ಅಂದರೂ ಓಪನಿಂಗ್‌ಗೆ ತಳ್ಳುತ್ತಾರೆ. 2000ದಲ್ಲಿ ಸಿಡ್ನಿಯಲ್ಲಿ ಓಪನರ್ ಆಗಿಯೇ 167 ಹೊಡೆದರೂ ಜಾಗ ಗಟ್ಟಿಯಾಗಲಿಲ್ಲ. ಇನ್ನು ಓಪನಿಂಗ್ ಆಡಲ್ಲ ಅಂತ ಹಟ ಹಿಡಿದ. ಆ ಒಂದೇ ರಣಜಿ ಸೀಸನ್‌ನಲ್ಲಿ 1415 ರನ್. ಕೆಲಸ ಕೊಡದ ಮಾಲೀಕನ ಬಾಗಿಲಿಗೇ ದಿನಾ ಹೋಗಿ ನಿಂತ ಹಾಗೆ.

ಆಮೇಲೆ 2003. ವಿಶ್ವಕಪ್ ತಂಡದಿಂದ ಬಿಟ್ಟರು. ಆಟವೇ ಸಾಕು ಅನ್ನುವಷ್ಟು ನೊಂದು ಅಮೆರಿಕಕ್ಕೆ ಹೋದದ್ದನ್ನು ಮುಚ್ಚುಮರೆ ಇಲ್ಲದೆ ಬರೆದಿದ್ದಾನೆ. 134 ಟೆಸ್ಟ್, 8781 ರನ್, ಆದರೆ ಒಂದೂ ವಿಶ್ವಕಪ್ ಮ್ಯಾಚ್ ಇಲ್ಲ. ಕೋಚ್ ಗ್ರೆಗ್ ಚಾಪೆಲ್ ಕಾಲದ ಪುಟಗಳಲ್ಲಿ ಮಾತ್ರ ಖಾರ ಜಾಸ್ತಿ. ಉಳಿದ ಕಡೆ ತೀರಾ ಸಭ್ಯ. ಎಲ್ಲರಿಗೂ ಥ್ಯಾಂಕ್ಸ್ ಹೇಳುತ್ತಾನೆ, ಸೆಹ್ವಾಗ್ ಬರೆದಿದ್ದರೆ ನಾವು ಬಿದ್ದು ಬಿದ್ದು ನಗುತ್ತಿದ್ದೆವು.

ಚಿತ್ತಾಪುರ ಬರುವ ಹೊತ್ತಿಗೆ ನನ್ನ ಹಳೇ ಪ್ರಶ್ನೆಗೆ ಒಂದು ಉತ್ತರ ಸಿಕ್ಕ ಹಾಗಾಯಿತು. ಯಾವ ಹೊತ್ತಲ್ಲೂ ತಂಡದಿಂದ ತೆಗೆಯಬಹುದು ಅನ್ನೋ ಭಯದಲ್ಲೇ ವರ್ಷಗಟ್ಟಲೆ ಆಡಿದವನಿಗೆ ಸೋತ ಮ್ಯಾಚ್ ಅನ್ನೋದೇ ಇರಲ್ಲ. ಅವನಿಗೆ ಪ್ರತಿ ಇನಿಂಗ್ಸೂ ಹಾಜರಿ. ತೆಂಡೂಲ್ಕರ್ ಆಗಿದ್ದರೆ ಆ 59 ಸೊನ್ನೆಯಾದರೂ ನಡೆಯುತ್ತಿತ್ತು. ಇವನಿಗೆ ನಡೆಯುತ್ತಿರಲಿಲ್ಲ. ಗವಾಸ್ಕರ್‌ನ 236 ದಾಟಿದ್ದು, ಆಗಿನ ಕಾಲಕ್ಕೆ ಭಾರತೀಯನೊಬ್ಬನ ಅತಿ ದೊಡ್ಡ ಟೆಸ್ಟ್ ಸ್ಕೋರ್, ಎಲ್ಲ ಸರಿ. ಆ ಮಂಗಳವಾರ ಬೆಳಿಗ್ಗೆ ಅವನು ಕಣ್ಣು ಮುಚ್ಚಿ ಬ್ಯಾಟ್ ಬೀಸಿ ಬೇಗ ಔಟಾಗಿದ್ದರೆ ಮೂರನೇ ನಂಬರಿಗೆ ದ್ರಾವಿಡೇ ಹೋಗುತ್ತಿದ್ದ.

ಹೋದ ಹಬ್ಬಕ್ಕೆ ಕಾಕಾನ ಮನೆಗೆ ಹೋದಾಗ ಪುಸ್ತಕ ತೋರಿಸಿದೆ. ಮೊಮ್ಮಕ್ಕಳು ಸುತ್ತ ಕೂತಿದ್ದರು. ಕಾಕಾ ಮುಖಪುಟ ಸವರಿ, "ನಾ ಆಗಲೇ ಹೇಳಿದ್ನಿ, ಈ ಹುಡುಗ ಬಿಡೂದಿಲ್ಲ ಅಂತ. ನಾಕೂ ದಿನ ರೇಡಿಯೊ ಬಿಟ್ಟು ಎದ್ದಿಲ್ಲ ನಾ" ಅಂದರು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದವು. "ಹೌದಲ್ಲೋ?" ಅಂತ ನನ್ನ ಕಡೆ ತಿರುಗಿದರು.

"ಹೌದ್ ಕಾಕಾ" ಅಂದೆ.