ವಿನೋಬನಗರದ ಮನೆ ಮಾರಬೇಕಾ? ತಮ್ಮನ ಪರ, ಅಕ್ಕನ ವಿರೋಧ

ಅಮ್ಮ ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದವಳು. ಚರ್ಚಾಸ್ಪರ್ಧೆ ಎಂದರೆ ಪ್ರಾಣ. 'ಹಳ್ಳಿ ಮೇಲೋ ಪಟ್ಟಣ ಮೇಲೋ' ಅಂತ ಎಷ್ಟು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದಾಳೋ ಲೆಕ್ಕವಿಲ್ಲ. ಈ ಸಲ ಸಂಕ್ರಾಂತಿಗೆ ತೀರ್ಥಹಳ್ಳಿಯಿಂದ ಅಕ್ಕ ಬಂದಾಗ ಶಿವಮೊಗ್ಗದ ವಿನೋಬನಗರದಲ್ಲಿರುವ ನಮ್ಮ ಮನೆ ಮಾರುವ ಮಾತು ಎದ್ದಿತು. ಎಳ್ಳುಬೆಲ್ಲ ಬಾಯಲ್ಲಿರುವಾಗಲೇ ಜಗಳ. ಅಮ್ಮ ಎದ್ದು ಬಂದು, "ಇಬ್ಬರೂ ಸುಮ್ನಿರಿ. ಒಬ್ಬರು ಪರ, ಒಬ್ಬರು ವಿರೋಧ ಬರೆದು ಕೊಡಿ. ಓದಿ ಹೇಳ್ತೀನಿ" ಅಂದಳು. ಬರೆದದ್ದು ಇದು. ಅಕ್ಕನದ್ದನ್ನು ನಾನು ತಿದ್ದಿಲ್ಲ. ತಿದ್ದಿದ್ದರೆ ನನ್ನ ಕಥೆ ಮುಗಿದಂತೆಯೇ.

ಪರ: ಮಳೆ ಹಿಡಿಯುವ ಮೊದಲು ಹೋಗೋಣ

ಮೆಟ್ಟಿಲಿಂದಲೇ ಶುರು ಮಾಡುತ್ತೇನೆ. ಹದಿನೇಳು ಮೆಟ್ಟಿಲು. 2009ರಲ್ಲಿ ಅಪ್ಪ ಮೇಲೊಂದು ಮನೆ ಎತ್ತಿಸಿದಾಗ ಜಾಗ ಉಳಿಸಲು ಹೊರಗಡೆಯಿಂದ ಕಡಿದಾಗಿ ಕಟ್ಟಿಸಿದ್ದು. ಒಂದೊಂದೂ ಒಂಬತ್ತು ಇಂಚು ಎತ್ತರ. ಮೇಲೆ ಶೀಟಿಲ್ಲ, ಪಕ್ಕಕ್ಕೆ ಕಂಬಿಯಿಲ್ಲ. ಮಳೆಗಾಲ ಬಂತೆಂದರೆ ಪಾಚಿ. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದರೆ ನಾಲ್ಕು ದಿನ ಸರಿ, ಐದನೇ ದಿನಕ್ಕೆ ಮತ್ತೆ ಜಾರು. ಹೋದ ಆಷಾಢದಲ್ಲಿ ಅಮ್ಮ ಹಾಲಿನ ಪ್ಯಾಕೆಟ್ ಹಿಡಿದು ಹತ್ತುವಾಗ ಜಾರಿ ಕೂತಳು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಪ್ಯಾಕೆಟ್ ಒಡೆದು ಹಾಲು ಕೆಳಗಿನ ಮೆಟ್ಟಿಲವರೆಗೂ ಹರಿದಿತ್ತು. "ಗೃಹಪ್ರವೇಶದಲ್ಲಿ ಉಕ್ಕಿಸಿದ್ದಕ್ಕಿಂತ ಜಾಸ್ತಿನೇ ಆಯ್ತು ಬಿಡು" ಅಂತ ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಅವತ್ತಿಂದ ಮನೆ ಹುಡುಕುತ್ತಿದ್ದೇನೆ.

ಸವಳಂಗ ರಸ್ತೆಯ ಕಡೆ ಒಂದು ಮನೆ ಸಿಕ್ಕಿದೆ. 30-40 ಸೈಟು, ಎಲ್ಲವೂ ನೆಲಮಟ್ಟದಲ್ಲಿ. ಎರಡು ಬೆಡ್‌ರೂಮು. ಅಮ್ಮನ ರೂಮಿಗೆ ಅಂಟಿಕೊಂಡೇ ಬಾತ್‌ರೂಮು. ಓನರ್ 78 ಲಕ್ಷ ಹೇಳುತ್ತಿದ್ದಾರೆ. ನಮ್ಮ ಮನೆಗೆ ಬ್ರೋಕರ್ 70 ಎನ್ನುತ್ತಾನೆ. ಅದೂ ಬರೀ ಜಾಗಕ್ಕೆ. ಕಟ್ಟಡದ ಮಾತೆತ್ತಿದರೆ, "ಸಾರ್, ಕೆಡವೋಕೆ ಅವರಿಗೇ ಖರ್ಚು" ಅಂತಾನೆ.

ಎಲ್ಲರೂ ಹೇಳುವುದು ಒಂದೇ: "ಈಗ ಮಾರ್ಕೆಟ್ ಸರಿಯಿಲ್ಲ, ಕಾಯಿ." ಯಾವಾಗ ಸರಿಯಿತ್ತು ಹೇಳಿ? 2023ರ ಫೆಬ್ರವರಿ 27ಕ್ಕೆ ನಮ್ಮೂರ ಹತ್ತಿರದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಆಗಸ್ಟ್ 31ಕ್ಕೆ ಮೊದಲ ವಿಮಾನ ಇಳಿಯಿತು. ಆಗ 'ಈಗ ತುಂಬ ಏರಿದೆ, ಇಳಿಯಲಿ' ಅಂದರು. ಅದೇ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಗೈಡೆನ್ಸ್ ವ್ಯಾಲ್ಯೂ, ಅಂದರೆ ನೋಂದಣಿಗೆ ಸರ್ಕಾರ ಗೊತ್ತು ಮಾಡುವ ಕನಿಷ್ಠ ಬೆಲೆ, ಏರಿತು. 'ಗಲಾಟೆ ತಣ್ಣಗಾಗಲಿ' ಅಂದರು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇಕಡಾ 1 ಇದ್ದದ್ದು 2 ಆಯಿತು. 78 ಲಕ್ಷಕ್ಕೆ ಲೆಕ್ಕ ಹಾಕಿದರೆ ಕಾದಿದ್ದಕ್ಕೆ ದಂಡ 78 ಸಾವಿರ. ಕಾದವರಿಗೆ ಸಿಕ್ಕಿದ್ದು ಇಷ್ಟೇ.

ಬೆಲೆ ಬಿದ್ದರೆ ಏನು ಗತಿ ಅಂತ ಅಕ್ಕನ ಭಯ. ನನ್ನ ಲೆಕ್ಕ ಬೇರೆ. ನಾವು ಬರೀ ಕೊಳ್ಳುವವರಲ್ಲ, ಮಾರುವವರೂ ಹೌದು. ಅದೂ ಒಂದೇ ಊರಿನಲ್ಲಿ. ಬೆಲೆ ಶೇಕಡಾ 10 ಬಿದ್ದಿತು ಅಂತಿಟ್ಟುಕೊಳ್ಳಿ. ನಮ್ಮದು 63 ಆಗುತ್ತದೆ, ಅವರದು 70 ಲಕ್ಷ 20 ಸಾವಿರ. ನಾವು ಮೇಲೆ ಹಾಕಬೇಕಾದ್ದು 7 ಲಕ್ಷ 20 ಸಾವಿರ. ಶೇಕಡಾ 10 ಏರಿತು ಅಂತಿಟ್ಟುಕೊಳ್ಳಿ. 77ಕ್ಕೆ ಮಾರಿ 85 ಲಕ್ಷ 80 ಸಾವಿರಕ್ಕೆ ಕೊಳ್ಳಬೇಕು. ಮೇಲೆ ಹಾಕಬೇಕಾದ್ದು 8 ಲಕ್ಷ 80 ಸಾವಿರ. ಇವತ್ತಾದರೆ 8 ಲಕ್ಷ. ಏರಲಿ, ಇಳಿಯಲಿ, ನಮಗೆ ಆಗುವ ವ್ಯತ್ಯಾಸ 80 ಸಾವಿರ. ಇದಕ್ಕಾಗಿ ವರ್ಷಗಟ್ಟಲೆ ಪೇಪರ್ ನೋಡಿಕೊಂಡು ಕೂರಬೇಕಾ? ಸೈಟು ಮೇಲೆ ಸೈಟು ತಗೊಳ್ಳುವವರಿಗೆ ಮಾರ್ಕೆಟ್ ಚಿಂತೆ. ನಮಗೆ ಮಂಡಿ ಚಿಂತೆ.

ಸಾಲವೂ ಈಗ ಅಗ್ಗ. 2025ರ ಶುರುವಿನಲ್ಲಿ ರಿಸರ್ವ್ ಬ್ಯಾಂಕಿನ ರೆಪೊ ದರ, ಅಂದರೆ ಬ್ಯಾಂಕುಗಳಿಗೆ ಅದು ಸಾಲ ಕೊಡುವ ಬಡ್ಡಿ, ಶೇಕಡಾ 6.5 ಇತ್ತು. ಡಿಸೆಂಬರ್ ಹೊತ್ತಿಗೆ 5.25ಕ್ಕೆ ಬಂತು. ವ್ಯತ್ಯಾಸದ ಹಣ, ರಿಜಿಸ್ಟ್ರೇಷನ್, ಕಪಾಟು ಗಿಪಾಟು ಎಲ್ಲ ಸೇರಿ ನನಗೆ 20 ಲಕ್ಷ ಸಾಲ ಬೇಕಾಗಬಹುದು. ಒಂದೂಕಾಲು ಪರ್ಸೆಂಟ್ ಕಮ್ಮಿ ಎಂದರೆ ಮೊದಲ ವರ್ಷ ಬಡ್ಡಿಯಲ್ಲೇ ಸುಮಾರು 25 ಸಾವಿರ ಉಳಿಯುತ್ತದೆ. ಮಗಳ ಸ್ಕೂಲ್ ವ್ಯಾನಿನ ದುಡ್ಡು ಅದು.

"ಬಾಡಿಗೆಯವರನ್ನು ಬಿಡಿಸಿ ಅಮ್ಮನನ್ನು ಕೆಳಗಿಳಿಸು" ಅಂತ ಅಕ್ಕ ಬರೆದೇ ಬರೆಯುತ್ತಾಳೆ. ಕೆಳಗಿನ ಮನೆ 1988ರದ್ದು. ಆಗ ರಸ್ತೆಗಿಂತ ಎರಡು ಮೆಟ್ಟಿಲು ಮೇಲಿತ್ತಂತೆ. ಟಾರಿನ ಮೇಲೆ ಟಾರು ಹಾಕಿ ಹಾಕಿ ಈಗ ರಸ್ತೆಯೇ ಮೇಲೆ, ಮನೆಯೇ ಕೆಳಗೆ. ದೊಡ್ಡ ಮಳೆ ಬಂದರೆ ಗೇಟಿನ ಕೆಳಗಿಂದ ನೀರು ಅಂಗಳಕ್ಕೆ ಬರುತ್ತದೆ. ಗೋಡೆಗೆ ಮೂರಡಿಯವರೆಗೆ ತೇವ. ಬಾಡಿಗೆಯವರು ಕ್ಯಾಲೆಂಡರ್ ನೇತುಹಾಕಿ ಮುಚ್ಚಿದ್ದಾರೆ. ಅಮ್ಮನಿಗೆ ಮೊದಲೇ ಉಬ್ಬಸ. ಮಂಡಿ ಉಳಿಸಲು ಹೋಗಿ ಎದೆ ಕೆಡಿಸಿಕೊಳ್ಳುವುದಾ?

ಹೊಸ ಮನೆಯ ಖಾತೆ ಒಂದು ಬಾಕಿ ಇದೆ. ಓನರ್ ಮಾಡಿಸಿಕೊಡುತ್ತೇನೆ ಅಂದಿದ್ದಾರೆ. ಅಲ್ಲಿಗೆ ನನ್ನ ಮಾತು ಮುಗಿಯಿತು.

ವಿರೋಧ: ಈಗ ಬೇಡ, ಆ ಮನೆಯಂತೂ ಬೇಡ

ತಮ್ಮ ಹುಟ್ಟಾ ಬುದ್ಧಿವಂತ. ಖಾತೆಯ ವಿಷಯ ಕೊನೆಯಲ್ಲಿ ಎರಡು ಸಾಲಿನಲ್ಲಿ ಮುಗಿಸಿದ್ದಾನೆ. ಹಾಗಾಗಿ ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಆ ಮನೆಗೆ ಈಗ ಇರುವುದು ಬಿ ಖಾತೆ. ನಿಯಮದಂತೆ ಎಲ್ಲ ಸರಿಯಿರುವ ಆಸ್ತಿಗೆ ಸಿಗುವ ಎ ಖಾತೆ ಅಲ್ಲ. ಗದ್ದೆಯನ್ನು ಸರಿಯಾಗಿ ಲೇಔಟ್ ಮಾಡಿಸದೆ ಸೈಟು ಹೊಡೆದು ಮಾರಿದ ಜಾಗ. ಇಂಥ ಆಸ್ತಿಗಳಿಗೆ 2025ರ ಫೆಬ್ರವರಿಯಲ್ಲಿ ಸರ್ಕಾರ ಅಭಿಯಾನ ಮಾಡಿ ಬಿ ಖಾತೆ ಕೊಡಲು ಶುರು ಮಾಡಿತು. ತೆರಿಗೆ ಕಟ್ಟಲು, ಲೆಕ್ಕದಲ್ಲಿ ಇರಲು ಅದು ಸಾಕು. ಆದರೆ ಬಿ ಖಾತೆಗೆ ಸಾಲ ಕೊಡಲು ಬ್ಯಾಂಕಿನವರು ಹಿಂದೆ ಮುಂದೆ ನೋಡುತ್ತಾರೆ. "ಇನ್ನೊಂದು ತಿಂಗಳಲ್ಲಿ ಎ ಖಾತೆ ಆಗುತ್ತೆ" ಅಂತ ಓನರ್ ಹೇಳಿದ್ದು ಶ್ರಾವಣದಲ್ಲಿ. ಈಗ ಪುಷ್ಯ. ರೆಪೊ ದರ 5.25 ಆದರೇನು, ಸಾಲವೇ ಹುಟ್ಟದಿದ್ದರೆ ಯಾವ ದರ ಕಟ್ಟಿಕೊಂಡು ಏನು ಮಾಡುತ್ತೀಯ?

ಶ್ರಾವಣದಲ್ಲಿ ಅವನೇ ನನ್ನನ್ನು ಮನೆ ನೋಡಲು ಕರೆದುಕೊಂಡು ಹೋಗಿದ್ದ. ಆಗಿನ್ನೂ ಒಳಗೆ ಪೇಂಟಿಂಗ್ ನಡೆಯುತ್ತಿತ್ತು. ಅವನು ಅಡುಗೆಮನೆಯ ಗ್ರಾನೈಟ್ ತಟ್ಟಿ ತಟ್ಟಿ ನೋಡುತ್ತಿದ್ದ. ನಾನು ಕೊಡೆ ಹಿಡಿದು ಮನೆಗೆ ಒಂದು ಸುತ್ತು ಬಂದೆ. ಹಿಂದಿನ ಕಾಂಪೌಂಡಿನ ಬುಡದಲ್ಲಿ ಗೇಣುದ್ದ ಎತ್ತರಕ್ಕೆ ಕೆಸರಿನ ಗೆರೆ ಇತ್ತು. ನೀರು ನಿಂತು ಇಳಿದ ಗುರುತು. ಅದರ ಪಕ್ಕದಲ್ಲಿ ಎರಡು ತೂತು, ಸುತ್ತ ಉಂಡೆ ಉಂಡೆ ಮಣ್ಣು. ತೋಟ ಗದ್ದೆ ಇರುವ ಮನೆಗೆ ಸೊಸೆಯಾಗಿ ಹೋಗಿ ಇಪ್ಪತ್ತು ವರ್ಷ ಆಯಿತು. ಏಡಿ ಬಿಲ ನನಗೆ ಗೊತ್ತಾಗದೇ ಇರುತ್ತದಾ? ಮೇಲೆ ಮನೆ ಕಟ್ಟಿದರೂ ಏಡಿಯ ಲೆಕ್ಕದಲ್ಲಿ ಅದು ಇನ್ನೂ ಗದ್ದೆಯೇ. ನಮ್ಮ ಕೆಳಗಿನ ಮನೆಯ ತೇವಕ್ಕೆ ಹೆದರಿ ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೀಯಾ? ಮಲೆನಾಡಿನ ಕಡೆ ಮನೆ ನೋಡುವುದಿದ್ದರೆ ಬೇಸಿಗೆಯಲ್ಲಿ ನೋಡಿ ಒಪ್ಪಬಾರದು. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿದಾಗ ಕೋರ್ಪಲಯ್ಯನ ಛತ್ರದ ಹತ್ತಿರ ಮಂಟಪ ಮುಳುಗಿದ್ದನ್ನು ನೋಡಲು ಊರೇ ಹೋಗಿತ್ತು. ತಗ್ಗಿನ ಬಡಾವಣೆಯವರು ಮಾತ್ರ ಅದನ್ನು ನೋಡಲು ಹೋಗಲಿಲ್ಲ. ಅವರು ಮನೆಯಿಂದ ನೀರು ಹೊರಗೆ ಹಾಕುತ್ತಿದ್ದರು.

ಈಗ ಅವನ 80 ಸಾವಿರದ ಲೆಕ್ಕ. ಕೂಡು ಕಳೆ ಸರಿಯಾಗಿದೆ ಅಮ್ಮ, ಮಾರ್ಕ್ಸ್ ಕೊಡು. ಆದರೆ ಎರಡೂ ವ್ಯವಹಾರ ಒಂದೇ ವಾರ ಆದರೆ ಮಾತ್ರ ಅದು ಸರಿ. ಮೊದಲು ಕೊಂಡು ಆಮೇಲೆ ನಮ್ಮದಕ್ಕೆ ಗಿರಾಕಿ ಸಿಗಲಿಲ್ಲ ಅಂದರೆ? ಶಿವಮೊಗ್ಗದಲ್ಲಿ ಹಳೇ ಮನೆ, ಸೈಟು ಕೊಳ್ಳುವವರಲ್ಲಿ ನಮ್ಮ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಅಡಿಕೆ ಬೆಳೆಗಾರರು ಎಷ್ಟು ಜನ ಅಂತ ನನ್ನನ್ನು ಕೇಳಿ. ಕೊಯ್ಲು ಮುಗಿದು, ಅಡಿಕೆ ಮಂಡಿಗೆ ಹೋಗಿ, ರಾಶಿ ಇಡಿ ಎನ್ನುವ ಬಗೆಯ ಅಡಿಕೆಗೆ ಒಳ್ಳೆ ಧಾರಣೆ ಸಿಕ್ಕರೆ ಮಗನಿಗೊಂದು ಸೈಟು ಅಂತ ಬರುತ್ತಾರೆ. 2014ರಲ್ಲಿ ಧಾರಣೆ ಆಕಾಶಕ್ಕೆ ಹೋದಾಗ ನಮ್ಮೂರಿನವರೇ ಎಷ್ಟು ಜನ ಅಡ್ವಾನ್ಸ್ ಕೊಟ್ಟು ಬಂದರು! ಆಮೇಲೆ ಧಾರಣೆ ಬಿತ್ತು. ಅಡ್ವಾನ್ಸ್ ಬಿಟ್ಟುಕೊಟ್ಟವರೂ ಇದ್ದಾರೆ. ಈಗ ಅಡಿಕೆಗೆ ಕೊಳೆ ರೋಗದ ಜೊತೆಗೆ ಎಲೆಚುಕ್ಕೆ ರೋಗ ಬೇರೆ. ಬೆಳೆಗಾರನ ಕೈ ಹಿಡಿತವಾದರೆ ವಿನೋಬನಗರದ ಹಳೇ ಮನೆಗೆ ಗಿರಾಕಿ ಹುಟ್ಟುವುದು ಕಷ್ಟ. ಅಲ್ಲಿಗೆ ಆಷಾಢ ಬಂತು, ಯಾರೂ ರಿಜಿಸ್ಟ್ರಿಗೆ ಬರುವುದಿಲ್ಲ. ಅಲ್ಲಿಯವರೆಗೆ ಬಡ್ಡಿ ಯಾರು ಕಟ್ಟುತ್ತಾರೆ?

ಇನ್ನೊಂದು. ಊರೊಳಗಿನ ಬೆಲೆ, ಊರಾಚೆಯ ಬೆಲೆ ಕೈ ಕೈ ಹಿಡಿದು ನಡೆಯುವುದಿಲ್ಲ. ಸುದ್ದಿಯ ಮೇಲೆ ಮೊದಲು ಏರುವುದು ಹೊರಗಿನದು, ಮೊದಲು ಬೀಳುವುದೂ ಅದೇ. ನಮ್ಮ ಮಾವನ ಕಡೆಯವರೊಬ್ಬರು ವಿಮಾನ ಬರುತ್ತದೆ ಅಂತ ಸೋಗಾನೆ ಕಡೆ ಸೈಟು ಮಾಡಿಟ್ಟರು. ವಿಮಾನ ಬಂತು. ಅವರ ಸೈಟಿಗೆ ಗಿರಾಕಿ ಇನ್ನೂ ಬಂದಿಲ್ಲ.

ಬೆಲೆ ಏರುತ್ತದೋ ಬೀಳುತ್ತದೋ ಗೊತ್ತಿಲ್ಲ, ಒಪ್ಪಿದೆ. ಆದರೆ ಖರ್ಚು ಗೊತ್ತಿದೆ ಅಲ್ವಾ? ಮುದ್ರಾಂಕ ಶುಲ್ಕ ಶೇಕಡಾ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು ಸೇರಿ 5.6. ನೋಂದಣಿ 2. ಒಟ್ಟು 7.6. ಅಂದರೆ 78 ಲಕ್ಷಕ್ಕೆ 5,92,800 ರೂಪಾಯಿ. ಇದರಲ್ಲಿ ಒಂದು ಇಟ್ಟಿಗೆಯೂ ಬರುವುದಿಲ್ಲ. ಹೆಚ್ಚಾದ ಒಂದು ಪರ್ಸೆಂಟಿನ ದಂಡ ಮಾತ್ರ ಲೆಕ್ಕ ಹಾಕಿದವನು ಇದನ್ನು 'ರಿಜಿಸ್ಟ್ರೇಷನ್, ಕಪಾಟು ಗಿಪಾಟು' ಅಂತ ತೇಲಿಸಿಬಿಟ್ಟ. ಕಮ್ಮಿ ಮೊತ್ತಕ್ಕೆ ರಿಜಿಸ್ಟರ್ ಮಾಡಿಸಿ ಉಳಿದದ್ದು ಕೈಯಲ್ಲಿ ಕೊಡಿ ಅಂತ ಓನರ್ ಹೇಳಿದ್ದನ್ನಂತೂ ಬರೆದೇ ಇಲ್ಲ. ಅಪ್ಪ ಇದ್ದಿದ್ದರೆ ಆ ಮಾತಿಗೇ ಎದ್ದು ಬರುತ್ತಿದ್ದರು.

ನನ್ನ ಪಾಲಿನ ಮಾತನ್ನೂ ಆಡಿಬಿಡುತ್ತೇನೆ. ಅಪ್ಪ ವಿಲ್ ಬರೆದಿರಲಿಲ್ಲ. ಮನೆ ಅಮ್ಮ, ನಾನು, ತಮ್ಮ ಮೂವರ ಹೆಸರಿನಲ್ಲಿದೆ. ಸಮಪಾಲು. ನನಗೆ ದುಡ್ಡು ಬೇಡ ಅಂತ ಅವತ್ತೇ ಹೇಳಿದ್ದೇನೆ, ಈಗಲೂ ಅದೇ ಮಾತು. ಆದರೆ ಕಾಗದದಲ್ಲಿ ನಾನೂ ಮಾರಿದವಳು. ದುಡ್ಡು ತಮ್ಮನ ಮನೆಗೆ ಹೋದರೂ ನನ್ನ ಪಾಲಿನ ಲಾಭದ ತೆರಿಗೆ ನನ್ನ ತಲೆಗೇ ಬರುತ್ತದೆ. ನನ್ನ ಹೆಸರಿನಲ್ಲೂ ಮನೆ ಕೊಂಡರೆ ವಿನಾಯಿತಿ ಸಿಗಬಹುದು, ಅದಕ್ಕೂ ಮಾರಿದ ಮೇಲೆ ಎರಡು ವರ್ಷದ ಗಡುವು. ಇಲ್ಲವೇ ಮೊದಲೇ ಹಕ್ಕು ಬಿಡುಗಡೆ ಪತ್ರ ಮಾಡಿಸಬೇಕು. ಇದನ್ನು ಒಬ್ಬ ಆಡಿಟರ್ ಹತ್ತಿರ ಕೂತು ಕೇಳೋಣ ಅಂತ ಮೂರು ಸಲ ಹೇಳಿದೆ. "ಆಮೇಲೆ ನೋಡೋಣ ಅಕ್ಕ" ಅನ್ನುತ್ತಾನೆ. ಅಕ್ಕನ ಸಹಿ ಆಮೇಲೆ ಸಿಗುತ್ತದೆ ಅಂತ ಧೈರ್ಯ.

ಹಾಗಾದರೆ ಅಮ್ಮನ ಮಂಡಿ? ಮೆಟ್ಟಿಲಿನ ವಿಷಯದಲ್ಲಿ ಅವನದ್ದು ನೂರಕ್ಕೆ ನೂರು ಸರಿ. ನಾನು ದೂರ ಇರುವವಳು. ಹಾಲು ಹರಿದ ದಿನ ಅಮ್ಮನನ್ನು ಎತ್ತಿದವನು ಅವನು. ಆದರೆ ಅಮ್ಮ ದಿನಾ ಬೆಳಗ್ಗೆ ಪೊಲೀಸ್ ಚೌಕಿಯವರೆಗೆ ನಡೆದು, ಸೊಪ್ಪಿನವಳ ಹತ್ತಿರ ಕಾಲು ಗಂಟೆ ಚೌಕಾಶಿ ಮಾಡಿ, ಹತ್ತು ರೂಪಾಯಿಯ ಹರಿವೆ ಸೊಪ್ಪು ತರುತ್ತಾಳೆ. ಅವಳಿಗೆ ಸೊಪ್ಪು ನೆಪ. ಆ ದಾರಿಯಲ್ಲಿ ಅವಳ ಹಳೇ ಸ್ಟೂಡೆಂಟ್‌ಗಳೇ ಎಂಟು ಹತ್ತು ಜನ ಸಿಗುತ್ತಾರೆ. ಆ ಹೊಸ ಮನೆಯ ಸುತ್ತ ನಾನು ನೋಡಿದಾಗ ಇದ್ದದ್ದು ನಾಲ್ಕು ಮನೆ, ಮೂರಕ್ಕೆ ಬೀಗ. ನೀನು, ನಿನ್ನ ಹೆಂಡತಿ ಕೆಲಸಕ್ಕೆ ಹೋದ ಮೇಲೆ ಸಂಜೆಯವರೆಗೆ ಅವಳು ಯಾರ ಜೊತೆ ಮಾತಾಡಬೇಕು, ಏಡಿ ಜೊತೆನಾ?

ಬಾಡಿಗೆಯವರ ಅಗ್ರಿಮೆಂಟ್ ಚೈತ್ರಕ್ಕೆ ಮುಗಿಯುತ್ತದೆ. ಅವರನ್ನು ಬಿಡಿಸಿ ಕೆಳಗಿನ ಮನೆ ರಿಪೇರಿ ಮಾಡಿಸೋಣ. ನೆಲ ಎತ್ತರಿಸಿ, ಗೋಡೆಯ ಹಳೇ ಗಾರೆ ಕಿತ್ತು ತೇವಕ್ಕೆ ಮದ್ದು ಮಾಡಿ, ಗೇಟಿನ ಮುಂದೆ ನೀರಿಗೆ ಅಡ್ಡಲಾಗಿ ಚರಂಡಿ ತೆಗೆದು, ಬಾತ್‌ರೂಮು ಹೊಸದು ಮಾಡಿದರೆ ಎಷ್ಟಾಗುತ್ತದೆ ಅಂತ ನಮ್ಮೂರಿನ ಮೇಸ್ತ್ರಿಯನ್ನು ಕೇಳಿದೆ. ಆರು ಲಕ್ಷದ ಒಳಗೆ ಅಂದ. ಅಂದರೆ ಆ ರಿಜಿಸ್ಟ್ರೇಷನ್ ದುಡ್ಡು. ಬಾಡಿಗೆ ಹೋಗುತ್ತದೆ, ನಿಜ. ತಿಂಗಳಿಗೆ 9 ಸಾವಿರ. 20 ಲಕ್ಷ ಸಾಲದ ಕಂತು ಅದಕ್ಕಿಂತ ಎಷ್ಟು ಜಾಸ್ತಿ ಅಂತ ತಮ್ಮನೇ ಲೆಕ್ಕ ಹಾಕಲಿ, ಅವನಿಗೆ ಲೆಕ್ಕ ಚೆನ್ನಾಗಿ ಬರುತ್ತದೆ.

ಸಹಿ ಹಾಕುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಎ ಖಾತೆ ಇರುವ, ಗದ್ದೆಯಲ್ಲದ, ಚೌಕಿಗೆ ನಡೆದು ಬರುವಷ್ಟು ಹತ್ತಿರದ ಮನೆ ಸಿಕ್ಕಿದರೆ ಬೆಳಗಿನ ಮೊದಲ ಬಸ್ಸಿಗೆ ಬರುತ್ತೇನೆ. ಅಲ್ಲಿಯವರೆಗೆ ಆ ಮೆಟ್ಟಿಲಿಗೆ ಕಂಬಿಯಾದರೂ ಬೇಡವಾ? ಜಾರಿ ಬಿದ್ದು ಆರು ತಿಂಗಳಾಯಿತು, ಮನೆ ಹುಡುಕುವ ಗಡಿಬಿಡಿಯಲ್ಲಿ ಅದು ಯಾರಿಗೂ ಹೊಳೆದಿಲ್ಲ. ಹಬ್ಬ ಮುಗಿಸಿ ಬಸ್‌ಸ್ಟ್ಯಾಂಡಿಗೆ ಹೋಗುವಾಗ ವೆಲ್ಡಿಂಗ್ ಅಂಗಡಿಯವನಿಗೆ ಎರಡು ಸಾವಿರ ಅಡ್ವಾನ್ಸ್ ಕೊಟ್ಟು ಬಂದಿದ್ದೇನೆ. ಶನಿವಾರ ಅಳತೆಗೆ ಬರುತ್ತಾನೆ. ತಮ್ಮಾ, ಅವತ್ತು ಮನೆ ನೋಡಲು ಹೋಗಬೇಡ, ಮನೆಯಲ್ಲಿರು.