ಬೇಗ ಹೋಗುವ ಪರಿಮಳ ನಕಲಿಯೇ?

ಎರಡು ಗಂಟೆಯೊಳಗೆ ಪರಿಮಳ ಹೋದರೆ ಆ ಕೊಲೋನ್ (ಮೈಗೆ ಹಾಕುವ ಹಗುರ ಸುಗಂಧದ್ರವ್ಯ) ಡೂಪ್ಲಿಕೇಟ್ ಅನ್ನುವ ಮೆಸೇಜ್ ಸೆಕೆ ಶುರುವಾದರೆ ಮಂಗಳೂರಿನ ಗ್ರೂಪುಗಳಲ್ಲಿ ತಿರುಗುತ್ತದೆ. ಅದು ತಪ್ಪು. ದುಡ್ಡು ಕೊಟ್ಟವರಿಗೆ ಅನುಮಾನ ಬರುವುದು ಸಹಜವೇ. ಆದರೆ ಕೊಲೋನಿನಲ್ಲಿ ಸುಗಂಧದ ಎಣ್ಣೆ ಸಾಮಾನ್ಯವಾಗಿ ಶೇ. 2ರಿಂದ 5ರಷ್ಟು ಮಾತ್ರ. ಉಳಿದದ್ದು ಹೆಚ್ಚಾಗಿ ಆಲ್ಕೋಹಾಲ್ ಮತ್ತು ನೀರು. ನಿಂಬೆ, ಕಿತ್ತಳೆಯಂಥ ಪರಿಮಳಗಳು ಬೇಗ ಆವಿಯಾಗುತ್ತವೆ. ಆ ಹಗುರತನ ಬೇಕೆಂದೇ ಅಲ್ವಾ ನಮ್ಮ ಬೆವರಿನ ಊರಲ್ಲಿ ಅದನ್ನು ಆರಿಸುವುದು?

ನೀವೇ ಪರೀಕ್ಷಿಸಬಹುದು. ಬಾಟಲಿಯ ಮೇಲೆ ಕೊಲೋನ್ ಎಂದಿದೆಯೋ, ಪರ್ಫ್ಯೂಮ್ ಎಂದಿದೆಯೋ ಓದಿ. ಎರಡನ್ನೂ ಬೇರೆ ಬೇರೆ ಕಾಗದದ ಚೂರಿಗೆ ಹಾಕಿ, ಆಗಾಗ ಮೂಸಿ ನೋಡಿ. ವ್ಯತ್ಯಾಸ ತಿಳಿಯುತ್ತದೆ. ಅಸಲಿಯೋ ಅಲ್ಲವೋ ಎಂಬ ಸಂಶಯವಿದ್ದರೆ ಬ್ಯಾಚ್ ನಂಬರ್, ತಯಾರಕರ ವಿಳಾಸ, ಬಿಲ್ ನೋಡಿ. ಪರಿಮಳ ಕಮ್ಮಿಯಾದರೆ ಮಧ್ಯಾಹ್ನ ಇನ್ನೊಮ್ಮೆ ಸ್ವಲ್ಪ ಹಾಕಿಕೊಂಡರಾಯಿತು.